ಇಬ್ಬರ ಟೇಪೂ ಸರಿ, ಕಲ್ಲು ಮಾತ್ರ ಎರಡು ಕಡೆ



ಈ ಸಲ ಶೇಂಗಾ ಬಗ್ಗೆ ಬರೆಯಲ್ಲ, ಅಳತೆ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ಆದರೆ ಮನೆಯಲ್ಲಿ ತಾತನ ಕಾಲದ ಪಾರೀಕತ್ತು ಇಟ್ಟುಕೊಂಡು, ಪೋಡಿ ಆಗದ ಜಮೀನು ಉಳುತ್ತಿರೋರು ಪೂರ್ತಿ ಓದಲೇಬೇಕು ಅಂತ ನನ್ನ ಕೋರಿಕೆ.

ಬ್ರಹ್ಮಗಿರಿ ಗುಡ್ಡದ ಸುತ್ತಮುತ್ತ ಹೊಲಗಳು ಚೌಕವಾಗಿಲ್ಲ ಅನ್ನೋದು ನಿಮಗೆ ಗೊತ್ತು. ಒಂದು ಕಡೆ ಬಂಡೆ, ಒಂದು ಕಡೆ ಹಳ್ಳ, ಇನ್ನೊಂದು ಕಡೆ ಬಂಡಿದಾರಿ. ಉಳಿದದ್ದೇ ಹೊಲ. ಹಂಗಾಗಿ ಮೂರು ಮೂಲೆ ಹೊಲ ಊರಿಗೆ ಹತ್ತಾದರೂ ಸಿಗುತ್ತವೆ. ಹಿರಿಯರು ಅವನ್ನು ಪಾಲು ಮಾಡುವಾಗ ಹಗ್ಗ ಹಿಡಿದು ಎರಡು ಕಡೆ ಅಳೆದು ಬರೆದಿದ್ದಾರೆ, ಮೂರನೆಯದನ್ನ ಬಿಟ್ಟಿದ್ದಾರೆ. ‘ದಾರಿ ಇದೆಯಲ್ಲ, ಕಲ್ಲು ಇದೆಯಲ್ಲ, ಅದನ್ನೇನು ಅಳೆಯೋದು’ ಅಂತ. ಕಲ್ಲು ಇರೋ ತನಕ ಅದು ಸರಿ.

ನಮ್ಮದು ಹಂಗೇ ಒಂದು ತುಂಡು. ಮೂಲೆಕಲ್ಲಿನ ಹತ್ರ ಬದು ಮತ್ತು ಬಂಡಿದಾರಿ ಕೂಡುತ್ತವೆ. ಮೂಲೆಕಲ್ಲಿನಿಂದ ಬದು ಹಿಡಿದು 200 ಅಡಿ ಹೋದರೆ ಹುಣಸೆಮರ. ಹುಣಸೆಮರದಿಂದ ನೇರ 120 ಅಡಿಗೆ ಬಂಡಿದಾರಿ ಅಂಚಿನಲ್ಲಿ ಇನ್ನೊಂದು ಕಲ್ಲು. ಈ ಮೂರರ ಒಳಗಿನ ಜಾಗ ನಮ್ಮಪ್ಪನಿಗೆ, ಆಚೆದು ಚಿಕ್ಕಪ್ಪನಿಗೆ. ಕಾಗದದಲ್ಲಿ ಇಷ್ಟೇ ಇರೋದು. ಎಷ್ಟು ಗುಂಟೆ ಅಂತಾನೂ ಬರೆದಿಲ್ಲ. ಸರ್ವೆ ನಂಬರ್ ಇಡೀ ಜಂಟಿಯಾಗೇ ಇರೋದರಿಂದ ಸರ್ಕಾರದ ಟಿಪ್ಪಣಿಯಲ್ಲಿ ಈ ಒಳಗಿನ ಗೆರೆ ಇಲ್ಲ. ಅದರಲ್ಲಿ ಹೊರಗಿನ ಹದ್ದು ಮಾತ್ರ ಇದೆ.

ಬಂಡಿದಾರಿ ಅಗಲ ಮಾಡುವಾಗ ಜೆಸಿಬಿಯವನು ದಾರಿ ಅಂಚಿನ ಆ ಕಲ್ಲು ಕಿತ್ತು ಎಲ್ಲೋ ತಳ್ಳಿದ. ಮೂಲೆಕಲ್ಲು ಉಳೀತು, ಹುಣಸೆಮರ ಉಳೀತು. ದಾರಿಯ ಹಳೇ ಅಂಚಿನ ಕತ್ತಾಳೆ ಸಾಲೂ ಅಲ್ಲಲ್ಲಿ ಉಳಿದಿದೆ, ಹಂಗಾಗಿ ಹಳೇ ಗೆರೆ ಯಾವುದು ಅನ್ನೋದರಲ್ಲಿ ತಕರಾರಿಲ್ಲ. ಕಳೆದ ಕಲ್ಲನ್ನ ಹಿಂದಕ್ಕೆ ನಿಲ್ಲಿಸೋಣ ಅಂತ ಚಿಕ್ಕಪ್ಪನ ಮಗ ಹುಣಸೆಮರದ ಬುಡದಿಂದ ಟೇಪು ಹಿಡಿದು 120 ಅಡಿಗೆ ದಾರಿ ಅಂಚು ಮುಟ್ಟಿ ಗೂಟ ಹೊಡೆದ. ಮಾರನೇ ದಿನ ನಾನೂ ಅದೇ ಬುಡದಿಂದ 120 ಅಡಿ ಹಿಡಿದು ದಾರಿ ಅಂಚು ಮುಟ್ಟಿದೆ. ಎರಡು ಗೂಟಕ್ಕೂ ನಡುವೆ 130 ಅಡಿ ಮೇಲೆ ವ್ಯತ್ಯಾಸ!

‘ಅಣ್ಣಾ, ನಿನ್ನ ಟೇಪು ಎಳೆದಾಡಿದೆ’ ಅಂದ ಅವನು. ಅವನ ಟೇಪನ್ನೇ ಇಸಕೊಂಡು ಅವನ ಎದುರಿಗೇ ಅಳೆದೆ. ಅವನ ಗೂಟಕ್ಕೂ 120, ನನ್ನ ಗೂಟಕ್ಕೂ 120. ಇಬ್ಬರೂ ಸುಮ್ಮನೆ ನಿಂತುಬಿಟ್ಟೆವು.

ನನ್ನ ಮಗಳು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದ್ತಾಳೆ. ರಜೆಗೆ ಬಂದಿದ್ದಳು. ಕೇಳಿಸಿಕೊಂಡವಳೇ ‘ಅಪ್ಪಾ, ಮೂಲೆಕಲ್ಲಿನ ಹತ್ರ ಕೋನ ಎಷ್ಟಿದೆ ನೋಡೋಣ’ ಅಂತ ಎದ್ದಳು. ಕೋನ ಅಳೆಯೋಕೆ ಯಂತ್ರ ಬೇಡ ಅನ್ನೋದು ಅವತ್ತು ಗೊತ್ತಾಯ್ತು, ನೀವೂ ತಿಳ್ಕೊಳ್ಳಿ. ಮೂಲೆಕಲ್ಲಿನಿಂದ ಬದುವಿನ ಮೇಲೆ 100 ಅಡಿಗೆ ಒಂದು ಗೂಟ, ದಾರಿ ಅಂಚಿನ ಮೇಲೆ 100 ಅಡಿಗೆ ಇನ್ನೊಂದು ಗೂಟ. ಎರಡು ಗೂಟದ ನಡುವೆ ಅಳೆದರೆ ಬಂದದ್ದು 51 ಅಡಿ 9 ಇಂಚು. ಲೆಕ್ಕ ಹಾಕಿ 30 ಡಿಗ್ರಿ ಅಂದಳು. ಇನ್ನೊಂದು ದಾರಿಯಲ್ಲೂ ತಾಳೆ ನೋಡಿದ್ವಿ. ಮನೆ ಕಟ್ಟೋ ಮೇಸ್ತ್ರಿಗಳು 3-4-5 ಹಿಡಿದು ಗುಣಿಯಾ ನೋಡ್ತಾರಲ್ಲ, ಹಂಗೇ ಹುಣಸೆಮರದಿಂದ ದಾರಿಗೆ ನೆಟ್ಟಗೆ ಅಡ್ಡಗೆರೆ ಹಾಕಿದರೆ ಸರಿಯಾಗಿ 100 ಅಡಿ. ಬದುವಿನ 200 ಅಡಿಗೆ ಅದು ಅರ್ಧ. ಅರ್ಧ ಬಂದರೆ ಕೋನ 30. ಎರಡೂ ತಾಳೆಯಾಯ್ತು.

ಆಮೇಲೆ ಅವಳು ಫೋನಿನ ಕ್ಯಾಲ್ಕುಲೇಟರ್ ತೆಗೆದಳು. ಸೈನ್ ನಿಯಮ ಅಂತ ಒಂದಿದೆ. ಯಾವ ತ್ರಿಕೋನದಲ್ಲೇ ಆಗಲಿ, ಒಂದು ಬಾಹುವನ್ನ ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಮೂರು ಬಾಹುಗಳಿಗೂ ಒಂದೇ ಉತ್ತರ ಬರುತ್ತೆ. ನಮ್ಮಲ್ಲಿ 120 ಅಡಿಯ ಎದುರಿನ ಕೋನ 30, ಅದರ ಸೈನ್ ಅರ್ಧ. ಭಾಗಿಸಿದರೆ 240. ಈಗ 200 ಅಡಿಯ ಎದುರಿನ ಕೋನ, ಅಂದರೆ ಕಳೆದ ಕಲ್ಲಿನ ಹತ್ರದ ಕೋನ ಬೇಕು. ಅದರ ಸೈನ್ 200ಕ್ಕೆ 240 ಭಾಗಿಸಿದರೆ ಬರೋದು, 0.8333. ಕ್ಯಾಲ್ಕುಲೇಟರ್ ಹೇಳಿದ ಕೋನ 56.44 ಡಿಗ್ರಿ. ಅದನ್ನ ಹಿಡಿದು ಹೋದರೆ ಕಲ್ಲು ಮೂಲೆಕಲ್ಲಿನಿಂದ ದಾರಿಗುಂಟ 239 ಅಡಿ 6 ಇಂಚಿಗೆ ಬರುತ್ತೆ. ಅದು ನನ್ನ ಗೂಟ. ಜಾಗ 11 ಗುಂಟೆ ನಮ್ಮದು.

ನನಗೆ ಖುಷಿಯಾಯ್ತು, ಇಲ್ಲ ಅಂದರೆ ಸುಳ್ಳು. ಆದರೆ ಮಗಳು ಮುಖ ಗಂಟು ಹಾಕಿಕೊಂಡು ಕೂತಿದ್ದಳು. ‘ಅಪ್ಪಾ, ಕ್ಯಾಲ್ಕುಲೇಟರ್ ಯಾವಾಗಲೂ ಒಂದೇ ಕೋನ ಹೇಳುತ್ತೆ. ಇದಕ್ಕೆ ಇನ್ನೊಂದು ಕೋನ ಇದೆ. 180ರಲ್ಲಿ 56.44 ಕಳೆದರೆ 123.56. ಅದರ ಸೈನೂ 0.8333. ಅದನ್ನ ಹಿಡಿದರೆ ಕಲ್ಲು 107 ಅಡಿಗೆ ಬರುತ್ತೆ.’ ಅದು ತಮ್ಮನ ಗೂಟ. ಹಂಗಾದರೆ ನಮ್ಮ ಜಾಗ 4.9 ಗುಂಟೆ. ಆರು ಗುಂಟೆ ವ್ಯತ್ಯಾಸ, ಅದೂ ದಾರಿ ಪಕ್ಕದ 132 ಅಡಿ ಮುಖ. ದಾರಿ ಅಗಲ ಆದಮೇಲೆ ಆ ಮುಖಕ್ಕೆ ಬೆಲೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡೂ ಸರಿ ಹೆಂಗಾಗುತ್ತೆ ಅಂತ ನಾನೂ ತಮ್ಮನೂ ಒಪ್ಪಲಿಲ್ಲ. ಅವಳು ನಮ್ಮಿಬ್ಬರನ್ನೂ ಕಣಕ್ಕೆ ಕರಕೊಂಡು ಹೋದಳು. ನೆಲದ ಮೇಲೆ ಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆದಳು, ಅದು ದಾರಿ. ಅದರ ಒಂದು ತುದಿಯಿಂದ 30 ಡಿಗ್ರಿ ಓರೆಗೆ 20 ಅಡಿ ಗೆರೆ, ಅದು ಬದು. ಬದುವಿನ ತುದಿಗೆ ಒಂದು ಗೂಟ, ಅದು ಹುಣಸೆಮರ. ಗೂಟಕ್ಕೆ ಹಗ್ಗ ಕಟ್ಟಿ ‘ಒಂದು ಟಗರು ಕಟ್ಟಿದೀವಿ ಅಂದ್ಕೊಳ್ಳಿ’ ಅಂದಳು.

ಹಗ್ಗ 9 ಅಡಿ ಇದ್ದರೆ ಟಗರು ಎಷ್ಟು ಜಗ್ಗಿದರೂ ದಾರಿ ಗೆರೆ ಮುಟ್ಟಲ್ಲ. ಅಂಥ ತ್ರಿಕೋನವೇ ಇಲ್ಲ. 10 ಅಡಿ ಇದ್ದರೆ ಒಂದೇ ಕಡೆ, ನೆಟ್ಟಗೆ ಎದುರಿಗೆ, ಮೂತಿ ತಾಗಿಸಿ ವಾಪಸ್ ಬರುತ್ತೆ. 12 ಅಡಿ ಬಿಟ್ಟರೆ? ಸುತ್ತು ಹೊಡೆಯುವಾಗ ಗೆರೆಯನ್ನ ಒಂದು ಕಡೆ ದಾಟಿ ಆಚೆ ಹೋಗಿ, ಇನ್ನೊಂದು ಕಡೆ ಮತ್ತೆ ದಾಟಿ ಈಚೆ ಬರುತ್ತೆ. ದಾಟಿದ ಎರಡು ಜಾಗ: ಮೂಲೆಯಿಂದ 10 ಅಡಿ 8 ಇಂಚಿಗೆ ಒಂದು, 24 ಅಡಿಗೆ ಅರ್ಧ ಇಂಚು ಕಮ್ಮಿ ಇನ್ನೊಂದು. ಹಗ್ಗ ಅದೇ, ಗೂಟ ಅದೇ, ಗೆರೆ ಅದೇ. ಹಗ್ಗವನ್ನ 20 ಅಡಿಗೆ ಬಿಟ್ಟರೆ ಹತ್ತಿರದ ಜಾಗ ಮೂಲೆಗೇ ಬಂದು ಕೂತುಬಿಡುತ್ತೆ, ಅದಕ್ಕಿಂತ ಉದ್ದ ಬಿಟ್ಟರೆ ಮೂಲೆಯ ಹಿಂದಕ್ಕೆ, ಹೊಲದ ಹೊರಗೆ ಹೋಗುತ್ತೆ. ಆಗ ಉಳಿಯೋದು ಒಂದೇ ಜಾಗ.

ಅಂದರೆ ತಕರಾರು ಬರೋದು 10ಕ್ಕೂ 20ಕ್ಕೂ ನಡುವಿನ ಹಗ್ಗಕ್ಕೆ ಮಾತ್ರ. ಮರದಿಂದ ದಾರಿಗೆ ಇರೋ ನೆಟ್ಟಗಿನ ದೂರಕ್ಕಿಂತ ಹೆಚ್ಚು, ಬದುವಿನ ಉದ್ದಕ್ಕಿಂತ ಕಮ್ಮಿ. ನಮ್ಮ 120 ಅಡಿ ಸರಿಯಾಗಿ 100ಕ್ಕೂ 200ಕ್ಕೂ ನಡುವೆ ಬಂದು ಕೂತಿದೆ.

ಸೈನ್ ಯಾಕೆ ಇದನ್ನ ಹೇಳಲಿಲ್ಲ ಅಂತ ಕೇಳಿದೆ. ಅವಳು ಏಣಿ ತೋರಿಸಿದಳು. 12 ಅಡಿ ಏಣಿಯ ಬುಡ ಒಂದೇ ಕಡೆ ಇಟ್ಟು ಮೂಡಣಕ್ಕೆ ವಾಲಿಸಿದರೂ ಪಡುವಣಕ್ಕೆ ವಾಲಿಸಿದರೂ, ತುದಿ 10 ಅಡಿ ಎತ್ತರಕ್ಕೆ ಬಂದರೆ ಸೈನ್‌ಗೆ ಎರಡೂ ಒಂದೇ. ಅದು ನೋಡೋದು ಎತ್ತರ ಎಷ್ಟು, ಏಣಿ ಎಷ್ಟು ಅಂತ ಮಾತ್ರ. ಯಾವ ಕಡೆ ವಾಲಿದೆ ಅನ್ನೋದು ಅದರ ಕಣ್ಣಿಗೆ ಬೀಳಲ್ಲ. ನನಗೆ ಅಲ್ಲಿಗೆ ಅರ್ಥ ಆಯ್ತು. ತಮ್ಮ ಇನ್ನೂ ಎರಡು ಸಲ ಹಗ್ಗ ಹಿಡಿದು ಸುತ್ತಿ ನೋಡಿದ. ಅವನ ಸ್ವಭಾವವೇ ಹಂಗೆ, ಬೀಜದ ಮೂಟೆಯನ್ನೂ ಎರಡು ಸಲ ತೂಗ್ತಾನೆ.

ಇಲ್ಲಿ ಒಂದು ಮಾತು. ಲೆಕ್ಕದಲ್ಲಿ ತಪ್ಪಿಲ್ಲ, ಸೈನ್ ನಿಯಮದಲ್ಲೂ ತಪ್ಪಿಲ್ಲ. ಕೊಟ್ಟ ಅಳತೆ ಎರಡು ಹೊಲಕ್ಕೆ ಹೊಂದುತ್ತೆ, ಅಷ್ಟೇ. ಎರಡು ಬಾಹು ಕೊಟ್ಟು, ಅವುಗಳ ನಡುವಿನ ಕೋನ ಬಿಟ್ಟು ಬೇರೆ ಕೋನ ಕೊಟ್ಟರೆ ಈ ಸಂದೇಹ ಬರಬಹುದು. ಹುಣಸೆಮರದ ಹತ್ರದ ಕೋನ ಕೊಟ್ಟಿದ್ದರೆ ಕಲ್ಲು ಒಂದೇ ಕಡೆ ಬರ್ತಿತ್ತು, ಯಾಕಂದರೆ ಅದು 200ಕ್ಕೂ 120ಕ್ಕೂ ನಡುವಿನ ಕೋನ. ಮೂರು ಬಾಹು ಕೊಟ್ಟಿದ್ದರಂತೂ ಕೋನದ ಗೊಡವೆಯೇ ಇಲ್ಲ.

ದೊಡ್ಡ ದೊಡ್ಡ ಸರ್ವೆ ಮಾಡಿದವರು ಈ ಗುಂಡಿಗೆ ಬೀಳದಂಗೆ ನೋಡಿಕೊಂಡಿದ್ದಾರೆ ಅನ್ನೋದು ನನಗೆ ಆಮೇಲೆ ಹೊಳೆದದ್ದು. ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ರ ಒಂದು ಬುನಾದಿ ಗೆರೆ ಅಳೆದ, ಟಿಪ್ಪು ಬಿದ್ದ ಮಾರನೇ ವರ್ಷ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಇನ್ನೊಂದು ಗೆರೆ ಅಳೆದು, ಅಲ್ಲಿಂದ ಇಡೀ ದೇಶದ ತ್ರಿಕೋನ ಸರ್ವೆ ಶುರುವಾಯ್ತು. ಅವನ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕ, ಅದನ್ನ ಗುಡ್ಡದ ಮೇಲೆ, ಗೋಪುರದ ಮೇಲೆ ಹೊತ್ತು ಹತ್ತಿಸ್ತಿದ್ದರು. ಅವನು ಬಳಸಿದ್ದೂ ಇದೇ ಸೈನ್ ನಿಯಮ. ಆದರೆ ಒಂದು ಬಾಹು ಅಳೆದು, ಕೋನಗಳನ್ನ ನೋಡಿ, ಉಳಿದ ಬಾಹುಗಳನ್ನ ಲೆಕ್ಕದಲ್ಲಿ ತೆಗೆದ. ಕೋನದಿಂದ ಉದ್ದಕ್ಕೆ ಹೋದರೆ ಉತ್ತರ ಒಂದೇ. ಉದ್ದದಿಂದ ಕೋನಕ್ಕೆ ಬರುವಾಗಲೇ ದಾರಿ ಎರಡಾಗೋದು.

ನಮ್ಮ ಹಳೇ ಸರ್ವೆಯವರದು ಇನ್ನೂ ಗಟ್ಟಿ ದಾರಿ. ಟಿಪ್ಪಣಿ ನೋಡಿದೋರಿಗೆ ಗೊತ್ತು, ಅದರಲ್ಲಿ ಡಿಗ್ರಿ ಅನ್ನೋದೇ ಇರಲ್ಲ. ಹೊಲದ ಉದ್ದಕ್ಕೆ ಒಂದು ಬುನಾದಿ ಗೆರೆ, ಅದರಿಂದ ಒಂದೊಂದು ಮೂಲೆಗೂ ನೆಟ್ಟಗೆ ಅಡ್ಡ ಅಳತೆ. ಎಲ್ಲಾ ಸರಪಳಿ, ಆಣೆ ಲೆಕ್ಕ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. ಒಂದು ಸರಪಳಿ ಚೌಕ ಅಂದರೆ 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ನಮ್ಮ ತುಂಡನ್ನ ಅವರು ಬರೆದಿದ್ದರೆ ಹೀಗೆ ಬರೀತಿದ್ದರು: ಮೂಲೆಕಲ್ಲಿನಿಂದ ದಾರಿಗುಂಟ 5 ಸರಪಳಿ 4 ಆಣೆಗೆ, ಅಡ್ಡಕ್ಕೆ 3 ಸರಪಳಿ ಮೇಲೆ ಅರ್ಧ ಆಣೆಗೆ ಹುಣಸೆಮರ. ಕಲ್ಲು ಅದೇ ಗೆರೆಯಲ್ಲಿ ಇಷ್ಟು ಸರಪಳಿಗೆ. ಎಲ್ಲಾ ನೆಟ್ಟಗಿನ ಕೋನ, ಅದು ಆ ಕಡೆ ಈ ಕಡೆ ವಾಲಲ್ಲ. ಈಗಿನ ರೋವರ್‌ನಲ್ಲಂತೂ ಮೂಲೆಯ ಜಾಗವನ್ನೇ ಹಿಡಿದು ಗುರುತು ಮಾಡ್ತಾರೆ, ಬಾಹು ಕೋನ ಎಲ್ಲಾ ಆಮೇಲಿನ ಮಾತು. ಆದರೆ ಕಲ್ಲೇ ಇಲ್ಲದ ಜಾಗದಲ್ಲಿ ರೋವರ್ ಎಲ್ಲಿ ಇಡ್ತೀರಿ? ‘ನೀವು ತೋರಿಸಿ, ನಾವು ಅಳೀತೀವಿ’ ಅಂತಾರೆ.

ಹಂಗಾಗಿ ನಮಗೆ ಬೇಕಾದದ್ದು ಇನ್ನೊಂದು ಸಾಕ್ಷಿ. ಎರಡು ಗೂಟದ ಹತ್ರಾನೂ ಅಗೆದು ನೋಡಿದ್ವಿ, ಕಲ್ಲಿನ ಬುಡದ ಗುಂಡಿ ಗುರುತಾದರೂ ಸಿಗಲಿ ಅಂತ. ಜೆಸಿಬಿ ಹೊಡೆದ ಮಣ್ಣಿನಲ್ಲಿ ಏನು ಸಿಗುತ್ತೆ? ಊರಿನ ಹಿರಿಯರನ್ನ ಕೇಳಿದ್ವಿ. ಒಬ್ಬರು ‘ಇತ್ತಪ್ಪ ಅಲ್ಲೇ’ ಅಂತ ಕೈ ಬೀಸಿದರು. ಆ ಕೈ ಎರಡು ಗೂಟವನ್ನೂ ಒಳಗೊಂಡಿತ್ತು.

ಮಗಳು ಎರಡು ತ್ರಿಕೋನವನ್ನೂ ಹಾಳೆಯಲ್ಲಿ ಬರೆದು ಪಡಸಾಲೆಯಲ್ಲಿ ಇಟ್ಟಿದ್ದಳು. ದೂರದ ಕಲ್ಲು ಹಿಡಿದರೆ ಹುಣಸೆಮರದ ಹತ್ರದ ಮೂಲೆ 93 ಡಿಗ್ರಿ ಮೇಲೆ, ಹೆಚ್ಚುಕಮ್ಮಿ ಚೌಕದ ಮೂಲೆ ಇದ್ದಂಗೆ. ಹತ್ತಿರದ ಕಲ್ಲು ಹಿಡಿದರೆ ಅದು 26 ಡಿಗ್ರಿ ಚೂಪು, ಕಲ್ಲಿನ ಹತ್ರದ ಮೂಲೆ ಅಗಲ. ನಮ್ಮವ್ವ ಹಾಳೆ ಕಡೆ ನೋಡಿ ಇದೇನು ಅಂತ ಕೇಳಿದಳು. ಹುಣಸೆಮರದ ಹೊಲ ಅಂದೆ. ಜಗಳದ ವಿಷಯ ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ, ವಯಸ್ಸಾದೋಳಿಗೆ ಯಾಕೆ ಅಂತ ನಾವೇ ಹೇಳಿರಲಿಲ್ಲ.

‘ಅಯ್ಯೋ ಆ ಹೊಲ! ಲಾಳಿ ಇದ್ದಂಗಿತ್ತಲ್ಲೋ. ನಿಮ್ಮಪ್ಪ ಕೂರಿಗೆ ಹೂಡಿದರೆ ಎರಡು ತುದಿಗೂ ಎತ್ತು ತಿರುಗ್ತಿರಲಿಲ್ಲ. ಮೂಲೆಕಲ್ಲಿನ ಹತ್ರಾನೂ ಇಲ್ಲ, ಹುಣಸೆಮರದ ಹತ್ರಾನೂ ಇಲ್ಲ. ಅವೆರಡು ಮೂಲೇಲೂ ನಾನೇ ಕೈಯಲ್ಲಿ ಅಲಸಂದೆ ಹಾಕ್ತಿದ್ದೆ. ದಾರಿ ಕಲ್ಲಿನ ಹತ್ರ ಮಾತ್ರ ಎತ್ತು ಆರಾಮಾಗಿ ತಿರುಗೋವು.’

ಮೊಳಕಾಲ್ಮುರು ಕಡೆಯೋರಿಗೆ ಲಾಳಿ ಗೊತ್ತು. ಮಗ್ಗದಲ್ಲಿ ಓಡೋದು, ಎರಡು ತುದಿಯೂ ಚೂಪು, ನಡುವೆ ಹೊಟ್ಟೆ. ಹತ್ತಿರದ ಕಲ್ಲಿನ ತ್ರಿಕೋನ ಅದೇ ಆಕಾರ: 200 ಅಡಿ ಉದ್ದ, ನಡುವೆ ಬರೀ 53 ಅಡಿ ಅಗಲ, ಎರಡು ತುದಿಯಲ್ಲಿ 30 ಮತ್ತು 26 ಡಿಗ್ರಿ. ದೂರದ ಕಲ್ಲಿನದಾಗಿದ್ದರೆ ಹುಣಸೆಮರದ ನೆರಳಲ್ಲೇ ಎತ್ತು ತಿರುಗಿಸಬಹುದಿತ್ತು, ಅಲ್ಲಿ ಕೈಯಲ್ಲಿ ಅಲಸಂದೆ ಹಾಕೋ ಪ್ರಮೇಯವೇ ಬರ್ತಿರಲಿಲ್ಲ.

ಮಗಳು ನನ್ನ ಮುಖ ನೋಡಿದಳು. ನಾನು ಹಾಳೆ ನೋಡಿದೆ. ಪಡಸಾಲೆಯಲ್ಲಿ ಇದ್ದದ್ದು ನಾವು ಮೂರೇ ಜನ. ಅವ್ವ ಹೇಳಿದ್ದು ಅವಳ ಮನೆಗೇ ನಷ್ಟದ ಮಾತು, ಅದೂ ಅವಳಿಗೆ ಗೊತ್ತಿಲ್ಲದೇ. ಅದಕ್ಕಿಂತ ಗಟ್ಟಿ ಸಾಕ್ಷಿ ಯಾವ ಪಂಚಾಯ್ತಿಯಲ್ಲೂ ಸಿಗಲ್ಲ. ಸುಮ್ಮನಿದ್ದಿದ್ದರೆ ತಮ್ಮನ ಹತ್ರ ತೋರಿಸೋಕೆ ಏನೂ ಇರಲಿಲ್ಲ ಅನ್ನೋದೂ ನನಗೆ ಗೊತ್ತಿತ್ತು. ಆರು ಗುಂಟೆ, ದಾರಿ ಮುಖ. ರಾತ್ರಿ ಊಟ ಸೇರಲಿಲ್ಲ, ಅದನ್ನ ಮುಚ್ಚಿಡಲ್ಲ.

ಬೆಳಿಗ್ಗೆ ತಮ್ಮನನ್ನ ಮನೆಗೆ ಕರೆದೆ. ‘ಅವ್ವ ಏನೋ ಹೇಳ್ತಾಳೆ, ಕೇಳು’ ಅಂದೆ. ಅವ್ವ ಮತ್ತೆ ಅದೇ ಲಾಳಿ, ಅದೇ ಅಲಸಂದೆ ಹೇಳಿದಳು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ದೊಡ್ಡಮ್ಮಾ, ಹುಣಸೇಹಣ್ಣು ಮಾತ್ರ ಮೊದಲಿನಂಗೆ ಅರ್ಧರ್ಧ’ ಅಂದ. ಅವನಿಗೂ ಒಂಥರಾ ಮುಜುಗರ ಆಗಿತ್ತು ಅನ್ಸುತ್ತೆ.

ನೀವು ಹೊಸದಾಗಿ ಪಾಲು ಬರೆಸೋದಿದ್ದರೆ, ಮೂರು ಮೂಲೆ ಹೊಲಕ್ಕೆ ಮೂರು ಕಡೆ ಉದ್ದವನ್ನೂ ಬರೆಸಿ. ನಮ್ಮ ಕಾಗದದಲ್ಲಿ ‘ಮೂಲೆಕಲ್ಲಿನಿಂದ ದಾರಿಗುಂಟ 107 ಅಡಿ’ ಅಂತ ಒಂದು ಸಾಲು ಇದ್ದಿದ್ದರೆ ಇಷ್ಟೆಲ್ಲಾ ಬರೆಯೋ ಕೆಲಸವೇ ಇರಲಿಲ್ಲ. ನಾಲ್ಕು ಮೂಲೆ ಹೊಲಕ್ಕೆ ನಾಲ್ಕು ಕಡೆ ಅಳೆದರೆ ಸಾಲದು, ಓರೆಗೆ ಮೂಲೆಯಿಂದ ಮೂಲೆಗೂ ಒಂದು ಅಳತೆ ಹಿಡೀರಿ. ಮೊಳೆ ಸಡಿಲಾದ ಹೊರಸು ನೋಡಿದ್ದೀರಲ್ಲ, ನಾಲ್ಕು ಕಟ್ಟಿಗೆ ಉದ್ದ ಅದೇ ಇದ್ದರೂ ಆಕಾರ ಒಂದು ಕಡೆ ಜರುಗಿಬಿಡುತ್ತೆ. ಹೊಲದ ಲೆಕ್ಕವೂ ಹಂಗೇ ಜರುಗುತ್ತೆ. ಎದುರು ಬದುರು ಉದ್ದ ಕೂಡಿಸಿ ಅರ್ಧ ಮಾಡಿ ಗುಣಿಸೋ ಲೆಕ್ಕ ನಮ್ಮಲ್ಲಿ ತುಂಬಾ ನಡೀತಿದೆ, ಓರೆ ಹೊಲಕ್ಕೆ ಅದು ಯಾವಾಗಲೂ ಜಾಸ್ತಿ ಗುಂಟೆ ತೋರಿಸುತ್ತೆ. ಮಾರೋರಿಗೆ ಲಾಭ, ಕೊಳ್ಳೋರಿಗೆ ನಷ್ಟ. ಅದರ ಬಗ್ಗೆ ಬೇರೆ ಬರೀತೀನಿ.

ಈಗ 107 ಅಡಿಗೆ ಹೊಸ ಕಲ್ಲು ನಿಂತಿದೆ. ಮೂರು ಉದ್ದ ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೀವಿ, ಪೋಡಿಗೆ ಅರ್ಜಿ ಕೊಡೋದು ಬಾಕಿ. ಆ ತುಂಡಿಗೆ ಈ ಸಲ ಟ್ರ್ಯಾಕ್ಟರ್ ಬಿಟ್ಟರೆ ಅದೂ ತುದಿಗಳಲ್ಲಿ ತಿರುಗಲಿಲ್ಲ. ಎರಡು ಮೂಲೆಗೂ ಅಲಸಂದೆ ಹಾಕೋಣ ಅಂತಿದೀವಿ. ಅವ್ವ ಬೀಜ ಆರಿಸ್ತಾ ಕೂತಿದ್ದಾಳೆ.

50 ಮೀಟರ್ ಟೇಪು ನಮ್ಮನೇಲಿದೆ, ಬೇಕಾದೋರು ಬಂದು ತಗೊಂಡು ಹೋಗಿ. ವಾಪಸ್ ಕೊಡುವಾಗ ಮಣ್ಣು ಒರೆಸಿ ಕೊಡಿ.